ಎರೆ ಹೊಲದ ದಾರಿಗೆ ಎಷ್ಟು ಎತ್ತರ, ಎಂಥ ಸ್ಟೀರಿಂಗ್: ಜೀಪು, ಜಿಪ್ಸಿ, ಥಾರ್, ಜಿಮ್ನಿ ಮಾಲೀಕರಿಗೊಂದು ಹೋಲಿಕೆ

ನವಲಗುಂದ, ನರಗುಂದ, ರೋಣದ ಎರೆ ಭೂಮಿಯಲ್ಲಿ ಮಳೆ ನಿಂತ ಮೇಲೆ ಹೊಲದ ದಾರಿಗಳೆಲ್ಲ ಬಹುತೇಕ ಒಂದೇ ರೂಪ ತಾಳುತ್ತವೆ. ಹಸಿಯಲ್ಲಿ ಟ್ರ್ಯಾಕ್ಟರಿನ ಗಾಲಿಗಳು ಕೊರೆದ ಜಾಡು ಬಿಸಿಲಿಗೆ ಒಣಗಿ ಗಟ್ಟಿಯಾಗುತ್ತದೆ, ಎರಡು ಜಾಡುಗಳ ನಡುವೆ ಗೇಣೆತ್ತರದ ದಿಣ್ಣೆ ಉಳಿಯುತ್ತದೆ. ಟ್ರ್ಯಾಕ್ಟರಿನ ಗಾಲಿಗಳ ಅಂತರವೂ ಜಿಪ್ಸಿಯ ಗಾಲಿಗಳ ಅಂತರವೂ ಒಂದೇ ಆಗಿರುವುದಿಲ್ಲವಾದ್ದರಿಂದ, ಗಾಡಿಯ ಒಂದು ಬದಿ ಜಾಡಿನಲ್ಲಿಳಿದು ಇನ್ನೊಂದು ಬದಿ ದಿಣ್ಣೆಯ ಓರೆಯಲ್ಲಿ ಏರಿ ಸಾಗಬೇಕಾಗುತ್ತದೆ. ಆಗ ಮೊದಲು ಮಣ್ಣಿಗೆ ತಾಗುವುದು ಆಕ್ಸಲ್ (ಎರಡು ಗಾಲಿಗಳ ನಡುವಿನ ಅಚ್ಚು) ಮೇಲಿರುವ ಡಿಫರೆನ್ಷಿಯಲ್, ಅಂದರೆ ಎರಡೂ ಗಾಲಿಗಳಿಗೆ ಬಲ ಹಂಚುವ ಗೇರುಗಳ ಉಬ್ಬಿದ ಡಬ್ಬಿ. ಅದು ಒಮ್ಮೆ ಕೆರೆದ ಸದ್ದು ಕೇಳಿದರೆ ಸಾಕು, ಮಾಲೀಕರಿಗೆ ಗಾಡಿಯನ್ನು ಎತ್ತರಿಸಬೇಕೆಂಬ ವಿಚಾರ ಬರುತ್ತದೆ.

ಇಲ್ಲಿಯೇ ಒಂದು ಸಂಗತಿ ಸ್ಪಷ್ಟವಾಗಬೇಕು. ಹಳೆಯ ಮಹೀಂದ್ರ ಎಂಎಂ 540, ಮಾರುತಿ ಜಿಪ್ಸಿ, ಈಗಿನ ಜಿಮ್ನಿ, ಇವುಗಳಲ್ಲಿ ಮುಂದೆಯೂ ಹಿಂದೆಯೂ ಇರುವುದು ಇಡಿಯಾದ ಒಂದೇ ಆಕ್ಸಲ್. ಅಂಥ ಗಾಡಿಯ ಸ್ಪ್ರಿಂಗ್ ಬದಲಿಸಿ ಎರಡು ಇಂಚು ಲಿಫ್ಟ್ ಕೊಟ್ಟರೆ ಚಾಸಿಯೂ ಬಾಡಿಯೂ ಮೇಲೇರುತ್ತವೆ, ಡಿಫರೆನ್ಷಿಯಲ್ ಮಾತ್ರ ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಮೇಲೆತ್ತುವುದು ಟೈರು ಮಾತ್ರ, ಅದೂ ವ್ಯಾಸದಲ್ಲಿ ಹೆಚ್ಚಿದ್ದರ ಅರ್ಧದಷ್ಟು. ಜಿಪ್ಸಿಯ 205/70 ಆರ್15 ಟೈರಿನ ವ್ಯಾಸ ಲೆಕ್ಕದ ಪ್ರಕಾರ 668 ಮಿ.ಮೀ. ಬರುತ್ತದೆ, 215/75 ಆರ್15ರದ್ದು ಸುಮಾರು 703 ಮಿ.ಮೀ. ಹಾಗಾಗಿ ಟೈರು ಬದಲಿಸಿದ ಮಾತ್ರಕ್ಕೆ ಡಿಫರೆನ್ಷಿಯಲ್ ಸುಮಾರು 18 ಮಿ.ಮೀ. ಮೇಲೇರುತ್ತದೆ. ಅದೇ ಟೈರನ್ನು ಜಿಮ್ನಿಯ 195/80 ಆರ್15ರ ಬದಲಿಗೆ ಹಾಕಿದರೆ ಸಿಗುವುದು 5 ಮಿ.ಮೀ. ಮಾತ್ರ. ಲಿಫ್ಟ್‌ನ ಉಪಯೋಗ ದೊಡ್ಡ ಟೈರಿಗೆ ಜಾಗ ಮಾಡಿಕೊಡುವುದರಲ್ಲಿ, ಹೊಲದ ಒಡ್ಡು ದಾಟುವಾಗ ಚಾಸಿಯ ಹೊಟ್ಟೆಯನ್ನು ಕಾಯುವುದರಲ್ಲಿ, ಹಳ್ಳಕ್ಕೆ ಇಳಿದು ಏರುವಾಗ ಬಂಪರಿನ ಕೋನವನ್ನು ಹೆಚ್ಚಿಸುವುದರಲ್ಲಿ ಇದೆ. ಅದು ಕೂಡ ಬೇಕಾದದ್ದೇ, ಆದರೆ ಯಾವುದಕ್ಕಾಗಿ ದುಡ್ಡು ಕೊಡುತ್ತಿದ್ದೇವೆ ಎಂಬುದು ಮೊದಲೇ ಗೊತ್ತಿರಬೇಕು.

ಈ ಲಿಫ್ಟ್‌ನ ಪ್ರತಿಯೊಂದು ಇಂಚಿನ ಪರಿಣಾಮವೂ ಸ್ಟೀರಿಂಗ್ ಮೇಲೆ ಬೀಳುತ್ತದೆ. ನಮ್ಮ ಭಾಗದಲ್ಲಿ ಹೊಲಕ್ಕೆ ಹೋಗುವ ಗಾಡಿಯೇ ಮರುದಿನ ಹುಬ್ಬಳ್ಳಿ–ಧಾರವಾಡ ಬೈಪಾಸಿನಲ್ಲಿ ಲಾರಿಗಳ ನಡುವೆ ಓಡುತ್ತದೆ, ಗದಗ ರಸ್ತೆಯ ಬಯಲಿನಲ್ಲಿ ಆಷಾಢದ ಅಡ್ಡಗಾಳಿಗೆ ಎದುರಾಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಪ್ರತಿ ಆಯ್ಕೆಯನ್ನೂ ಅದು ಸ್ಟೀರಿಂಗನ್ನು ಏನು ಮಾಡುತ್ತದೆ ಎಂಬ ದೃಷ್ಟಿಯಿಂದಲೇ ತೂಗಿದ್ದೇನೆ.

ಕಮಾನು ಪಟ್ಟಿಯ ಗಾಡಿಗಳು

ಕಮಾನು ಪಟ್ಟಿಯ (ಲೀಫ್ ಸ್ಪ್ರಿಂಗ್) ಹಳೆಯ ಜೀಪಿಗೂ ಜಿಪ್ಸಿಗೂ ಆಯ್ಕೆಗಳು ಹೆಚ್ಚು, ಅಗ್ಗವೂ ಹೌದು. ಎಲ್ಲಕ್ಕಿಂತ ಅಗ್ಗದ್ದು ಉದ್ದನೆಯ ಶ್ಯಾಕಲ್, ಅಂದರೆ ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಆಡುವ ಕೊಂಡಿ. ಶ್ಯಾಕಲ್ ಪಟ್ಟಿಯ ಒಂದು ತುದಿಯಲ್ಲಿ ಮಾತ್ರ ಇರುವುದರಿಂದ ಗಾಡಿ ಒಂದು ಇಂಚು ಏರಬೇಕಾದರೆ ಶ್ಯಾಕಲ್ ಎರಡು ಇಂಚು ಉದ್ದವಾಗಬೇಕು. ಈ ಎರಡೂ ಗಾಡಿಗಳ ಮುಂಭಾಗದಲ್ಲಿ ಶ್ಯಾಕಲ್ ಇರುವುದು ಪಟ್ಟಿಯ ಮುಂದಿನ ತುದಿಗೆ. ಅದನ್ನು ಉದ್ದ ಮಾಡಿದಾಗ ಪಟ್ಟಿಯ ಮುಂದಿನ ತುದಿ ಕೆಳಗಿಳಿಯುತ್ತದೆ, ಪಟ್ಟಿಯ ಮೇಲೆ ಕೂತ ಆಕ್ಸಲ್ ಮುಂದಕ್ಕೆ ಮಗುಚುತ್ತದೆ, ಕ್ಯಾಸ್ಟರ್ ಕೋನ (ಮುಂಗಾಲಿ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿಯೇ ನೇರಕ್ಕೆ ಮರಳುವುದು ಈ ಕ್ಯಾಸ್ಟರ್ ಇರುವುದರಿಂದ. ಅದು ಕುಗ್ಗಿದ ಗಾಡಿ ಹೊಲದಲ್ಲಿ ಏನೂ ಅನ್ನಿಸದಿದ್ದರೂ 70 ಕಿ.ಮೀ. ವೇಗದಲ್ಲಿ ದಾರಿಯುದ್ದಕ್ಕೂ ಅಲೆಯುತ್ತದೆ, ಚಾಲಕನ ಕೈಗೆ ಬಿಡುವೇ ಇರುವುದಿಲ್ಲ. ಇದರ ಜೊತೆಗೆ ಉದ್ದ ಶ್ಯಾಕಲ್ ಅಡ್ಡಕ್ಕೂ ಹೊಯ್ದಾಡುತ್ತದೆ. ಶ್ಯಾಕಲಿನ ಎರಡು ಫಲಕಗಳ ನಡುವೆ ಅಡ್ಡಕಂಬಿ ಬೆಸೆಯದ ಉದ್ದ ಶ್ಯಾಕಲನ್ನು ಯಾರಿಗೂ ಶಿಫಾರಸು ಮಾಡಲಾರೆ. ಒಂದು ಇಂಚಿನ ಲಿಫ್ಟ್‌ಗಿಂತ ಮುಂದಕ್ಕೆ ಈ ದಾರಿ ಹಿಡಿಯಲೇಬಾರದು.

ಎರಡನೆಯದು ಇದ್ದ ಕಮಾನಿಗೇ ಒಂದು ಪಟ್ಟಿ ಸೇರಿಸುವುದು. ಹಿಂದೆ ಗೊಬ್ಬರದ ಚೀಲ, ಪೈಪು, ಪಂಪ್‌ಸೆಟ್ಟು ಹೇರುವವರಿಗೆ ಇದು ಸರಿಯಾದ ಆಯ್ಕೆ, ಏಕೆಂದರೆ ಭಾರ ತಡೆಯುವ ಶಕ್ತಿ ನಿಜವಾಗಿಯೂ ಹೆಚ್ಚುತ್ತದೆ. ಖಾಲಿ ಗಾಡಿ ಓಡಿಸುವವರಿಗೆ ಇದರಿಂದ ಸಿಗುವುದು ಬೆನ್ನುನೋವು ಮಾತ್ರ. ಮೂರನೆಯದು ಹಳೆಯ ಪಟ್ಟಿಗೇ ಮತ್ತೆ ಕಮಾನು ಕೊಡಿಸುವುದು. ಲಾರಿ, ಟ್ರೇಲರುಗಳ ಪಾಟಾ ಕೆಲಸ ಮಾಡುವ ಅಂಗಡಿಗಳು ಹುಬ್ಬಳ್ಳಿ, ಗದಗ, ರಾಣೆಬೆನ್ನೂರಿನಂಥ ಊರುಗಳಲ್ಲಿ ಇರುವುದರಿಂದ ಇದು ನಮಗೆ ಸುಲಭವಾಗಿ ದಕ್ಕುವ ದಾರಿ. ಪಟ್ಟಿಯನ್ನು ತಣ್ಣಗೇ ಬಡಿದು ಅಥವಾ ಪ್ರೆಸ್ಸಿನಲ್ಲಿ ಒತ್ತಿ ಕಮಾನು ಕೊಡುತ್ತಾರೆಯೇ ಎಂದು ಮೊದಲು ಕೇಳಿ. ಗ್ಯಾಸ್ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿ ಹಾಗೆಯೇ ಬಿಟ್ಟರೆ ಉಕ್ಕಿನ ಹದ ಹೋಗುತ್ತದೆ, ಆ ಪಟ್ಟಿ ಬೇಗನೆ ಮತ್ತೆ ಕುಸಿಯುತ್ತದೆ, ಅದೂ ಎರಡು ಬದಿಗೆ ಎರಡು ಪ್ರಮಾಣದಲ್ಲಿ.

ನಾಲ್ಕನೆಯ ಆಯ್ಕೆ ಪ್ಯಾರಾಬೋಲಿಕ್ ಪಟ್ಟಿಗಳು. ನಡುವೆ ದಪ್ಪ, ತುದಿಗೆ ತೆಳುವಾದ ಎರಡು ಮೂರು ಪಟ್ಟಿಗಳಷ್ಟೇ ಇದರಲ್ಲಿರುತ್ತವೆ, ಅವು ನಡುಭಾಗದಲ್ಲೂ ತುದಿಯಲ್ಲೂ ಬಿಟ್ಟರೆ ಒಂದಕ್ಕೊಂದು ತಾಗುವುದಿಲ್ಲ. ಸಾಂಪ್ರದಾಯಿಕ ಕಮಾನಿನಲ್ಲಿ ಪಟ್ಟಿಗಳ ನಡುವೆ ಎರೆ ಮಣ್ಣು ಸೇರಿ ಒಣಗಿದಾಗ ಪಟ್ಟಿಗಳು ಒಂದರ ಮೇಲೊಂದು ಜಾರುವುದೇ ನಿಂತುಹೋಗುತ್ತದೆ, ಇಡೀ ಕಮಾನು ಒಂದೇ ದಪ್ಪ ಹಲಗೆಯಾಗಿಬಿಡುತ್ತದೆ. ಪ್ಯಾರಾಬೋಲಿಕ್‌ನಲ್ಲಿ ಈ ತೊಂದರೆ ಬಹಳ ಕಡಿಮೆ, ಜಾಡಿನಲ್ಲಿ ಒಂದು ಗಾಲಿ ಇಳಿದು ಇನ್ನೊಂದು ಏರುವುದೂ ಸಲೀಸು. ಘರ್ಷಣೆ ಕಡಿಮೆಯಾದ್ದರಿಂದ ಅದಕ್ಕೆ ತಕ್ಕ ಗಟ್ಟಿ ಶಾಕ್ ಅಬ್ಸಾರ್ಬರ್ ಬೇಕೇಬೇಕು. ಹೆಚ್ಚು ಭಾರ ಹೇರದ ಜಿಪ್ಸಿಗೆ ಈ ನಾಲ್ಕರಲ್ಲಿ ನನ್ನ ಮೊದಲ ಮತ ಇದಕ್ಕೇ.

ಪಟ್ಟಿಯನ್ನು ಆಕ್ಸಲ್ಲಿನ ಕೆಳಗಿನಿಂದ ತೆಗೆದು ಮೇಲೆ ಕೂರಿಸುವ ಪದ್ಧತಿಯೂ ಇದೆ. ಇದರಿಂದ ಒಮ್ಮೆಗೇ ಸುಮಾರು ಐದು ಇಂಚು ಎತ್ತರ ಸಿಗುತ್ತದೆ, ಪಟ್ಟಿ ಮೃದುವಾಗಿಯೇ ಉಳಿಯುತ್ತದೆ, ಖರ್ಚೂ ಮೇಲ್ನೋಟಕ್ಕೆ ಕಡಿಮೆ. ಆದರೆ ಆಕ್ಸಲೇಟರ್ ಒತ್ತಿದಾಗ ಆಕ್ಸಲ್ ತಿರುಚಿ ಪಟ್ಟಿಯನ್ನು ಎಸ್ ಆಕಾರಕ್ಕೆ ಬಗ್ಗಿಸುತ್ತದೆ, ಆಕ್ಸಲ್ಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಮಿತಿ ಮೀರುತ್ತದೆ, ಬ್ರೇಕ್ ಹೋಸುಗಳು ಗಿಡ್ಡವಾಗುತ್ತವೆ, ಸ್ಟೀರಿಂಗ್ ಬಾಕ್ಸನ್ನು ಗಾಲಿಗೆ ಬೆಸೆಯುವ ಡ್ರ್ಯಾಗ್ ಲಿಂಕ್ ಕಡಿದಾಗಿ ಇಳಿಯುವುದರಿಂದ ಸ್ಟೀರಿಂಗನ್ನು ಹೊಸದಾಗಿಯೇ ಕಟ್ಟಬೇಕಾಗುತ್ತದೆ. ಸ್ಪರ್ಧೆಗೆಂದೇ ಇಟ್ಟ, ಟ್ರಕ್ಕಿನ ಮೇಲೆ ಹೇರಿಕೊಂಡು ಹೋಗುವ ಗಾಡಿಗೆ ಅದು ಸರಿ. ಮಕ್ಕಳನ್ನು ಕೂರಿಸಿಕೊಂಡು ಹಾವೇರಿಗೆ ಹೋಗಿಬರುವ ಗಾಡಿಗೆ ಖಂಡಿತ ಬೇಡ.

ಕಾಯಿಲ್ ಸ್ಪ್ರಿಂಗಿನ ಜಿಮ್ನಿ

ಜಿಮ್ನಿ ನಮ್ಮಲ್ಲಿ ಬಿಡುಗಡೆಯಾದದ್ದು 2023ರ ಜೂನಿನಲ್ಲಿ, 210 ಮಿ.ಮೀ. ನೆಲದಂತರದೊಂದಿಗೆ. ಇದರ ಆಕ್ಸಲನ್ನು ಉದ್ದನೆಯ ತೋಳುಗಳು ಚಾಸಿಗೆ ಕಟ್ಟಿಹಿಡಿದಿವೆ, ಅಡ್ಡಕ್ಕೆ ಸರಿಯದಂತೆ ಪ್ಯಾನ್‌ಹಾರ್ಡ್ ರಾಡ್ ಹಿಡಿದಿರುತ್ತದೆ. ಇಲ್ಲಿನ ಆಯ್ಕೆ ಎರಡು: ಇದ್ದ ಸ್ಪ್ರಿಂಗಿನ ಮೇಲೆ ಸ್ಪೇಸರ್ ಇಡುವುದು, ಇಲ್ಲವೇ ಉದ್ದನೆಯ ಸ್ಪ್ರಿಂಗನ್ನು ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಜೊತೆಗೇ ಹಾಕುವುದು. ಸ್ಪೇಸರಿನಲ್ಲಿ ಸವಾರಿಯ ಮೃದುತ್ವ ಹಾಗೆಯೇ ಉಳಿಯುತ್ತದೆ, ಆದರೆ ಹಳೆಯ ಶಾಕ್ ಅಬ್ಸಾರ್ಬರ್ ಅಷ್ಟೇ ಉದ್ದ ಇರುವುದರಿಂದ ಗಾಲಿ ಕೆಳಗಿಳಿಯಲು ಸಿಗುವ ಜಾಗ ಸ್ಪೇಸರಿನಷ್ಟೇ ಕಡಿಮೆಯಾಗುತ್ತದೆ. ಜಾಡು ದಾಟುವಾಗ ಗಾಲಿ ಗಾಳಿಯಲ್ಲಿ ತೂಗಾಡಿದರೆ ಎತ್ತರಿಸಿದ್ದರ ಪ್ರಯೋಜನವೇನು? ಹಾಗಾಗಿ ಸ್ಪ್ರಿಂಗು, ಶಾಕು ಎರಡನ್ನೂ ಸೇರಿಸಿ ಬದಲಿಸಲು ದುಡ್ಡು ಕೂಡುವವರೆಗೆ ಕಾಯುವುದು ಲೇಸು.

ಸ್ಪ್ರಿಂಗ್ ಆರಿಸುವಾಗ ಗಾಡಿಯ ಮೇಲೆ ಸದಾ ಇರುವ ಭಾರವನ್ನು ಲೆಕ್ಕ ಹಾಕಬೇಕು. ಮುಂದೆ ಉಕ್ಕಿನ ಬಂಪರು, ವಿಂಚು (ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ರಾಟೆ) ಹಾಕಿದವರಿಗೆ ಗಟ್ಟಿ ಸ್ಪ್ರಿಂಗ್ ಬೇಕು. ಮುಂದೊಂದು ದಿನ ಅದನ್ನೆಲ್ಲ ಹಾಕೋಣವೆಂದು ಈಗಲೇ ಗಟ್ಟಿ ಸ್ಪ್ರಿಂಗ್ ಹಾಕಿದರೆ ಗಾಡಿ ಮೂಗೆತ್ತಿ ನಿಲ್ಲುತ್ತದೆ, ಬ್ರೇಕು ಹಾಕುವಾಗ ಮುಂದಿನ ಟೈರುಗಳು ಪುಟಿಯುತ್ತವೆ. ಭಾರ ಸ್ಥಿರವಾಗಿದ್ದರೆ ಒಂದೇ ದರದ ಸ್ಪ್ರಿಂಗು, ಒಮ್ಮೆ ಖಾಲಿ ಒಮ್ಮೆ ತುಂಬಿ ಓಡುವುದಾದರೆ ಒತ್ತಿದಂತೆ ಗಟ್ಟಿಯಾಗುವ ಪ್ರೋಗ್ರೆಸಿವ್ ಸ್ಪ್ರಿಂಗು ಸೂಕ್ತ.

ಎತ್ತರದ ಪ್ರಶ್ನೆಗೆ ಇಲ್ಲಿ ಜ್ಯಾಮಿತಿಯೇ ಉತ್ತರ ಹೇಳುತ್ತದೆ. ಆಕ್ಸಲನ್ನು ಹಿಡಿದ ತೋಳು 600 ಮಿ.ಮೀ. ಉದ್ದವಿದೆ ಎಂದಿಟ್ಟುಕೊಂಡು ಚಾಸಿಯನ್ನು 50 ಮಿ.ಮೀ. ಎತ್ತಿದರೆ ತೋಳೂ ಅದಕ್ಕೆ ಬಿಗಿದ ಆಕ್ಸಲೂ ಸುಮಾರು 5 ಡಿಗ್ರಿ ತಿರುಗುತ್ತವೆ, ಕ್ಯಾಸ್ಟರಿನಲ್ಲಿ ಅಷ್ಟೂ ಕಳೆದುಹೋಗುತ್ತದೆ. ಅದನ್ನು ಮರಳಿ ಪಡೆಯಲು ಮೂರು ದಾರಿಗಳಿವೆ. ನಡುತೂತು ಪಕ್ಕಕ್ಕೆ ಸರಿದಿರುವ ಆಫ್‌ಸೆಟ್ ಬುಶ್ (ಜೋಡಣೆಯ ತೂತಿನೊಳಗಿನ ರಬ್ಬರ್ ಉಂಗುರ) ಅಗ್ಗದ್ದು, 30–40 ಮಿ.ಮೀ. ಲಿಫ್ಟ್‌ಗೆ ಸಾಕು. ತೋಳಿನ ಚಾಸಿಯ ತುದಿಯನ್ನು ಕೆಳಗಿಳಿಸುವ ಬ್ರ್ಯಾಕೆಟ್ ಕೋನವನ್ನು ಪೂರ್ತಿ ಸರಿಪಡಿಸುತ್ತದೆ, ಆದರೆ ಅದೇ ಬ್ರ್ಯಾಕೆಟ್ ನಮ್ಮ ದಿಣ್ಣೆಗಳಿಗೆ ತಾಗಿ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತದೆ. ಕೋನ ಸೇರಿಸಿಯೇ ತಯಾರಿಸಿದ ಹೊಸ ತೋಳುಗಳು ದುಬಾರಿ, 50 ಮಿ.ಮೀ. ಮತ್ತು ಅದಕ್ಕೂ ಮೇಲಿನ ಲಿಫ್ಟ್‌ಗೆ ಅವೇ ಸರಿ. ಎರೆ ಭೂಮಿಯಲ್ಲಿ ಓಡಿಸುವವರು 40 ಮಿ.ಮೀ. ಲಿಫ್ಟ್ ಮತ್ತು ಆಫ್‌ಸೆಟ್ ಬುಶ್‌ಗೆ ತೃಪ್ತರಾಗುವುದೇ ನನಗೆ ಸರಿ ಕಾಣುತ್ತದೆ.

ಮುಂಗಾಲಿಗಳು ಬಿಡಿಬಿಡಿಯಾಗಿರುವ ಗಾಡಿಗಳು

2010ರ ಥಾರ್ ಸಿಆರ್‌ಡಿಇಯ ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಕಂಬಿ), ಹಿಂದೆ ಕಮಾನು ಪಟ್ಟಿ. 2020ರ ಥಾರ್‌ನಲ್ಲಿ ಮುಂದೆ ಡಬಲ್ ವಿಶ್‌ಬೋನ್ (ಪ್ರತಿ ಗಾಲಿಗೆ ಮೇಲೊಂದು ಕೆಳಗೊಂದು ತೋಳು) ಮತ್ತು ಕಾಯಿಲ್, ಹಿಂದೆ ಇಡಿ ಆಕ್ಸಲ್ ಮತ್ತು ಕಾಯಿಲ್. ಹಳೆಯ ಥಾರ್‌ನ ಟಾರ್ಷನ್ ಬಾರಿನ ಬೋಲ್ಟನ್ನು ಬಿಗಿ ಮಾಡಿದರೆ ಮುಂಭಾಗ ಕೂಡಲೇ ಏರುತ್ತದೆ. ಖರ್ಚಿಲ್ಲದ ಕೆಲಸವಾದ್ದರಿಂದ ಗ್ಯಾರೇಜಿನಲ್ಲಿ ಅನೇಕರು ಇದನ್ನೇ ಮಾಡಿಸುತ್ತಾರೆ. ಆದರೆ ಗಾಲಿಯ ಒಟ್ಟು ಚಲನೆ ಇದರಿಂದ ಒಂದು ಮಿ.ಮೀ. ಕೂಡ ಹೆಚ್ಚುವುದಿಲ್ಲ, ಮೇಲೆ ಸಿಕ್ಕಿದ್ದು ಕೆಳಗೆ ಕಳೆದುಹೋಗುತ್ತದೆ. ತಗ್ಗು ದಾಟುವಾಗೆಲ್ಲ ತೋಳು ಕೆಳಗಿನ ಸ್ಟಾಪಿಗೆ ಬಡಿಯುತ್ತದೆ, ಗಾಲಿಗೆ ಬಲ ಒಯ್ಯುವ ಡ್ರೈವ್ ಶಾಫ್ಟಿನ ಬಾಗುವ ಕೀಲು, ಅಂದರೆ ಸಿವಿ ಜಾಯಿಂಟ್, ಕಡಿದಾದ ಕೋನದಲ್ಲಿ ತಿರುಗಿ ಅದರ ರಬ್ಬರ್ ಬೂಟು ಹರಿಯುತ್ತದೆ, ಹರಿದ ಬೂಟಿನೊಳಗೆ ಎರೆ ಮಣ್ಣು ಸೇರಿದರೆ ಜಾಯಿಂಟ್ ಉಳಿಯುವುದಿಲ್ಲ. ಕುಸಿದ ಮುಂಭಾಗವನ್ನು ಮೂಲದ ಎತ್ತರಕ್ಕೆ ತರಲು ಆ ಬೋಲ್ಟು ಇದೆ, ಅಷ್ಟಕ್ಕೇ ಅದನ್ನು ಬಳಸಬೇಕು.

ಹೊಸ ಥಾರ್‌ಗೆ ಕಾಯಿಲ್ ಮೇಲಿನ ಸ್ಪೇಸರ್, ಇಲ್ಲವೇ ಪೂರ್ತಿ ಹೊಸ ಸ್ಪ್ರಿಂಗ್–ಶಾಕ್ ಜೋಡಿ ಸಿಗುತ್ತದೆ. ಶಾಕಿನ ತಲೆಯ ಮೇಲೆ ಕೂರುವ ಸ್ಪೇಸರ್ ಗಾಲಿಯನ್ನು ಕಾರ್ಖಾನೆ ನಿಗದಿಪಡಿಸಿದ ಮಿತಿಗಿಂತ ಕೆಳಗೆ ತಳ್ಳುವುದರಿಂದ ಗಾಲಿಯನ್ನು ಮೇಲ್ತೋಳಿಗೆ ಸೇರಿಸುವ ಗುಂಡುಕೀಲಿಗೆ (ಬಾಲ್ ಜಾಯಿಂಟ್) ಅಪಾಯ. ಹೊಸ ಜೋಡಿಯೇ ಮೇಲು, ಜೊತೆಗೆ ಬಾಲ್ ಜಾಯಿಂಟಿನ ಕೋನ ಸರಿಪಡಿಸಿದ ಮೇಲ್ತೋಳುಗಳೂ ಇದ್ದರೆ ಕ್ಯಾಂಬರ್ (ಗಾಲಿ ಪಕ್ಕಕ್ಕೆ ವಾಲುವ ಕೋನ), ಕ್ಯಾಸ್ಟರ್ ಎರಡನ್ನೂ ಅಲೈನ್‌ಮೆಂಟಿನಲ್ಲಿ ಹಿಡಿಯಬಹುದು. ಕಾರ್ಖಾನೆಯಿಂದಲೇ 226 ಮಿ.ಮೀ. ನೆಲದಂತರ ಇರುವ ಈ ಗಾಡಿಗೆ ನಮ್ಮ ಹೊಲಗಳ ಸಲುವಾಗಿ ಲಿಫ್ಟ್ ಅಗತ್ಯವೇ ಇಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಒಳ್ಳೆಯ ಟೈರು, ಅಡಿರಕ್ಷಣೆಯ ತಗಡು ಹಾಕಿಸಿದರೆ ಸಾಕು.

ಶಾಕ್ ಅಬ್ಸಾರ್ಬರ್ ಬಗ್ಗೆ ಇಷ್ಟು ಹೇಳಿದರೆ ಸಾಕು: ಬರೀ ಎಣ್ಣೆಯದ್ದಕ್ಕಿಂತ ಗ್ಯಾಸ್ ತುಂಬಿದ ಟ್ವಿನ್ ಟ್ಯೂಬ್ (ಒಂದರೊಳಗೊಂದು ಎರಡು ಕೊಳವೆಯದು) ಗರಸಿನ ರಸ್ತೆಯಲ್ಲಿ ಹೆಚ್ಚು ಹೊತ್ತು ಬಲ ಕಳೆದುಕೊಳ್ಳದೆ ಕೆಲಸ ಮಾಡುತ್ತದೆ. ಒಂದೇ ಕೊಳವೆಯ ಮೊನೊಟ್ಯೂಬ್ ಇನ್ನೂ ತಣ್ಣಗಿರುತ್ತದೆ, ಆದರೆ ಅದರ ಪಿಸ್ಟನ್ ಹೊರಗಿನ ಕೊಳವೆಯಲ್ಲೇ ಓಡುವುದರಿಂದ ಕಲ್ಲು ಬಡಿದು ಒಂದು ತಗ್ಗು ಬಿದ್ದರೂ ಶಾಕು ಹೋದಂತೆಯೇ. ಮುಂಡರಗಿ ಕಡೆಯ ಕಲ್ಲುಗರಸಿನ ದಾರಿಗಳಲ್ಲಿ ದಿನವೂ ಓಡಾಡುವವರು ಟ್ವಿನ್ ಟ್ಯೂಬನ್ನೇ ಆರಿಸಲಿ.

ಸ್ಟೀರಿಂಗ್: ನಿಜವಾದ ಕೆಲಸ ಇರುವುದು ಇಲ್ಲಿ

ಇಡಿ ಆಕ್ಸಲ್ಲಿನ ಗಾಡಿಯಲ್ಲಿ ಸ್ಟೀರಿಂಗ್ ಬಾಕ್ಸ್ ಚಾಸಿಯ ಮೇಲಿದೆ, ಗಾಲಿಗಳು ಆಕ್ಸಲ್ಲಿನ ಮೇಲಿವೆ, ಇವೆರಡನ್ನೂ ಬೆಸೆಯುವುದು ಡ್ರ್ಯಾಗ್ ಲಿಂಕ್. ಚಾಸಿ ಏರಿದಂತೆ ಡ್ರ್ಯಾಗ್ ಲಿಂಕ್ ಓರೆಯಾಗುತ್ತದೆ. ಓರೆಯಾದ ಕಂಬಿಯ ಒಂದು ತುದಿ ಮೇಲೆ ಕೆಳಗೆ ಆಡಿದಾಗ ಅದು ಗಾಲಿಯನ್ನು ಅಡ್ಡಕ್ಕೂ ತಳ್ಳುತ್ತದೆ. ತಗ್ಗಿಗೆ ಗಾಲಿ ಇಳಿದಾಗ ಸ್ಟೀರಿಂಗ್ ತಾನಾಗಿಯೇ ಎಳೆಯುವುದು ಇದರಿಂದ. ಪ್ಯಾನ್‌ಹಾರ್ಡ್ ರಾಡ್ ಇರುವ ಗಾಡಿಯಲ್ಲಿ ಅದೂ ಡ್ರ್ಯಾಗ್ ಲಿಂಕೂ ಸಮಾನಾಂತರವಾಗಿ, ಸಾಧ್ಯವಾದಷ್ಟು ಒಂದೇ ಉದ್ದದಲ್ಲಿ ಇದ್ದರೆ ಎರಡೂ ಒಂದೇ ಕಮಾನಿನಲ್ಲಿ ಆಡುತ್ತವೆ, ಎಳೆತ ಹುಟ್ಟುವುದಿಲ್ಲ. ಒಂದನ್ನು ಸರಿಪಡಿಸಿ ಇನ್ನೊಂದನ್ನು ಬಿಟ್ಟರೆ ಗಾಡಿ ಮೊದಲಿಗಿಂತ ಕೆಡುತ್ತದೆ.

ಕಡಿದಾದ ಡ್ರ್ಯಾಗ್ ಲಿಂಕನ್ನು ನೇರಗೊಳಿಸಲು ಕೆಳಬಾಗಿದ ಪಿಟ್‌ಮನ್ ಆರ್ಮ್ (ಸ್ಟೀರಿಂಗ್ ಬಾಕ್ಸಿನಿಂದ ಡ್ರ್ಯಾಗ್ ಲಿಂಕನ್ನು ಆಡಿಸುವ ತೋಳು) ಹಾಕುವುದು ಸುಲಭ. ಒಂದೇ ನಟ್ಟಿನ ಕೆಲಸ, ಆದರೂ ತೋಳು ಕೆಳಗಿಳಿದಷ್ಟೂ ಸ್ಟೀರಿಂಗ್ ಬಾಕ್ಸಿನ ಶಾಫ್ಟಿನ ಮೇಲೆ ಬಗ್ಗಿಸುವ ಬಲ ಹೆಚ್ಚುತ್ತದೆ, ಬಾಕ್ಸಿನ ಬೇರಿಂಗು ಬೇಗ ಸವೆಯುತ್ತದೆ. ಜಿಪ್ಸಿಗೆ ಬಳಸುವ ಝಡ್ ಆಕಾರದ ಡ್ರ್ಯಾಗ್ ಲಿಂಕ್ ಅಗ್ಗದ್ದು, ಆದರೆ ತುದಿಗಳ ನಡುವಿನ ರೇಖೆ ಇದ್ದಂತೆಯೇ ಇರುವುದರಿಂದ ಎಳೆತ ಹೋಗುವುದಿಲ್ಲ. ಅದು ಪಟ್ಟಿಗೆ ತಾಗದಂತೆ ಜಾಗ ಮಾಡಿಕೊಡುತ್ತದೆ, ಅಷ್ಟೇ. ಮೂರನೆಯದು ಗಾಲಿಯೊಂದಿಗೆ ತಿರುಗುವ ನಕಲ್ಲಿನ (ಸ್ಟೀರಿಂಗ್ ಗೆಣ್ಣು) ಮೇಲ್ಭಾಗಕ್ಕೆ ಹೊಸ ತೋಳು ಕೂರಿಸಿ ಡ್ರ್ಯಾಗ್ ಲಿಂಕನ್ನೂ, ಎರಡು ಮುಂಗಾಲಿಗಳನ್ನು ಬೆಸೆಯುವ ಟೈ ರಾಡನ್ನೂ ಮೇಲಕ್ಕೆ ತರುವುದು. ಇದರಲ್ಲಿ ಕೋನ ಸರಿಹೋಗುತ್ತದೆ, ಕಂಬಿಗಳು ದಿಣ್ಣೆಯಿಂದಲೂ ಕಲ್ಲಿನಿಂದಲೂ ದೂರವಾಗುತ್ತವೆ. ಖರ್ಚು ಹೆಚ್ಚು, ತೋಳಿನ ಉಕ್ಕೂ ಕೊರೆತವೂ ನಂಬಿಕೆಯದ್ದಾಗಿರಬೇಕು. ಮೂರು ಇಂಚು ದಾಟಿದವರಿಗೆ ಇದನ್ನು ಬಿಟ್ಟು ಬೇರೆ ಆಯ್ಕೆ ಇಲ್ಲ, ಎರಡು ಇಂಚಿನೊಳಗಿದ್ದವರಿಗೆ ಇದರ ಅಗತ್ಯ ಬೀಳುವುದಿಲ್ಲ. ಎತ್ತರವನ್ನು ಎರಡು ಇಂಚಿಗೆ ನಿಲ್ಲಿಸಲು ನಾನು ಒತ್ತಿ ಹೇಳುವುದಕ್ಕೆ ಇದೇ ಮುಖ್ಯ ಕಾರಣ.

ಕಮಾನು ಪಟ್ಟಿಯ ಗಾಡಿಯಲ್ಲಿ ಕಳೆದುಹೋದ ಕ್ಯಾಸ್ಟರನ್ನು ಪಟ್ಟಿ ಮತ್ತು ಆಕ್ಸಲ್ ನಡುವೆ ಓರೆ ಬಿಲ್ಲೆ ಇಟ್ಟು ಮರಳಿ ತರಬಹುದು. ಆಗ ಡಿಫರೆನ್ಷಿಯಲ್ಲಿನ ಮೂತಿ ಕೆಳಗೆ ಬಾಗುವುದರಿಂದ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ಎರಡು ಡಿಗ್ರಿಯ ಬಿಲ್ಲೆಯವರೆಗೆ ಹೊಂದಾಣಿಕೆ ಸಾಧ್ಯ. ಅದಕ್ಕೂ ಹೆಚ್ಚು ಬೇಕಾಯಿತೆಂದರೆ ಲಿಫ್ಟೇ ಹೆಚ್ಚಾಗಿದೆ ಎಂದು ತಿಳಿಯಬೇಕು. ಬಿಲ್ಲೆ ಉಕ್ಕಿನದಿರಲಿ, ಅಲ್ಯೂಮಿನಿಯಮ್ಮಿನದು ಹೊಡೆತಕ್ಕೆ ಒಡೆಯುತ್ತದೆ.

ಜಿಪ್ಸಿಗೆ ದೊಡ್ಡ ಟೈರು ಹಾಕಿದವರು ಪವರ್ ಸ್ಟೀರಿಂಗ್ ಕೇಳುವುದು ಸಹಜ. ಹೈಡ್ರಾಲಿಕ್ ಪದ್ಧತಿಯಲ್ಲಿ ಬೇರೆ ಗಾಡಿಯ ಬಾಕ್ಸು, ಪಂಪು, ಪುಲ್ಲಿ, ಎಣ್ಣೆಯ ಡಬ್ಬಿ ಎಲ್ಲವನ್ನೂ ಕೂರಿಸಬೇಕು. ಗಾಲಿಗೆ ಬಡಿದ ಹೊಡೆತವನ್ನು ಎಣ್ಣೆಯೇ ನುಂಗುವುದರಿಂದ ಕೈಗೆ ಆರಾಮ, ಬಹಳ ಹೊತ್ತು ತಿರುಗಿಸಿದರೂ ಬಲ ಕುಗ್ಗುವುದಿಲ್ಲ. ಬಾಕ್ಸು ಕೂರುವ ಜಾಗದಲ್ಲಿ ಚಾಸಿಗೆ ಒಳಗಿನಿಂದ ತಗಡು ಬೆಸೆದು ಬಲಪಡಿಸದಿದ್ದರೆ ಬೋಲ್ಟಿನ ತೂತಿನಿಂದಲೇ ಬಿರುಕು ಶುರುವಾಗುತ್ತದೆ. ಕಾಲಮ್ಮಿನ ಎಲೆಕ್ಟ್ರಿಕ್ ಪದ್ಧತಿಯಲ್ಲಿ ಮೋಟಾರು ಕ್ಯಾಬಿನ್ನಿನೊಳಗೇ ಇರುವುದರಿಂದ ಬೆಣ್ಣಿಹಳ್ಳದ ನೀರೂ ಕೆಸರೂ ಮುಟ್ಟುವುದಿಲ್ಲ, ಎಂಜಿನ್ನಿನ ಬೆಲ್ಟಿಗೆ ಹೊರೆಯೂ ಇಲ್ಲ. ಆದರೆ ಮೋಟಾರಿನ ಬಲವೆಲ್ಲ ಹಳೆಯ ಕಾಲಮ್ಮಿನ ಜಾಯಿಂಟುಗಳ ಮೂಲಕವೇ ಹಾಯಬೇಕು, ಸವೆದ ಜಾಯಿಂಟು ತಡೆಯುವುದಿಲ್ಲ. ಹೊಲ ಮತ್ತು ಊರಿನ ಓಡಾಟಕ್ಕೆ ಎಲೆಕ್ಟ್ರಿಕ್ ಸಾಕು, ಕಲ್ಲು ಹತ್ತುವ ಸ್ಪರ್ಧೆಯವರಿಗೆ ಹೈಡ್ರಾಲಿಕ್. ಎರಡಕ್ಕೂ ಮೊದಲು ಟೈರಿನ ಗಾಳಿ, ಮುಂಗಾಲಿ ಎಡಬಲಕ್ಕೆ ತಿರುಗುವ ಗೂಟವಾದ ಕಿಂಗ್‌ಪಿನ್‌ನ ಬೇರಿಂಗಿನ ಗ್ರೀಸು ಪರೀಕ್ಷಿಸಿ. ಒಣಗಿದ ಬೇರಿಂಗಿನ ಬಿಗಿತವನ್ನೇ ಸ್ಟೀರಿಂಗಿನ ಭಾರವೆಂದು ತಿಳಿದವರು ಕಡಿಮೆಯಿಲ್ಲ.

ನಡುಕದ ವಿಷಯ ಇನ್ನೂ ಗಂಭೀರ. ಇಡಿ ಆಕ್ಸಲ್ಲಿನ ಗಾಡಿ ಹೆದ್ದಾರಿಯಲ್ಲಿ ಒಂದು ಜೋಡಣೆಯ ಗೆರೆ ದಾಟಿದಾಗ ಮುಂಗಾಲಿಗಳು ಜೋರಾಗಿ ನಡುಗತೊಡಗಿ, ವೇಗ ಇಳಿಸುವವರೆಗೂ ನಿಲ್ಲದಿದ್ದರೆ, ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ ಸುಮ್ಮನಾಗಬೇಡಿ. ಡ್ಯಾಂಪರ್ ಆ ನಡುಕವನ್ನು ಕೆಲವು ದಿನ ಮುಚ್ಚಿಡುತ್ತದೆ, ಕಾರಣ ಬೇರೆ ಕಡೆ ಇರುತ್ತದೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಗಾಲಿಗಳನ್ನು ನೆಲದ ಮೇಲೇ ಇಟ್ಟು, ಒಬ್ಬರು ಸ್ಟೀರಿಂಗನ್ನು ಅತ್ತಿತ್ತ ಕಾಲು ಸುತ್ತು ಆಡಿಸುತ್ತಿರಲಿ. ಇನ್ನೊಬ್ಬರು ಕೆಳಗೆ ಮಲಗಿ ಪ್ಯಾನ್‌ಹಾರ್ಡ್ ರಾಡಿನ ಎರಡೂ ತುದಿ, ಟೈ ರಾಡಿನ ಬಾಲುಗಳು, ಪಿಟ್‌ಮನ್ ಆರ್ಮಿನ ಬುಡ, ಇವುಗಳ ಮೇಲೆ ಒಂದೊಂದಾಗಿ ಬೆರಳಿಡಲಿ. ಎರಡು ಭಾಗಗಳು ಕೂಡುವಲ್ಲಿ ಬೆರಳು ಅಡ್ಡಲಾಗಿರಲಿ. ಕಣ್ಣಿಗೆ ಕಾಣದ ಸಡಿಲ ಅಲ್ಲಿ ಟಕ್ಕೆಂದು ಬೆರಳಿಗೆ ತಾಗುತ್ತದೆ. ಹಿಗ್ಗಿದ ಬೋಲ್ಟಿನ ತೂತು, ಹರಿದ ಬುಶ್, ಸಡಿಲ ಕಿಂಗ್‌ಪಿನ್, ಸಮತೋಲ ತಪ್ಪಿದ ಟೈರು, ಕಡಿಮೆಯಾದ ಕ್ಯಾಸ್ಟರ್, ಇವುಗಳಲ್ಲಿ ಒಂದಿಲ್ಲೊಂದು ಸಿಕ್ಕೇ ಸಿಗುತ್ತದೆ. ಗಾಲಿಗೆ ಒಣಗಿ ಅಂಟಿದ ಎರೆ ಮಣ್ಣಿನ ಹೆಂಟೆಯೂ ಸಮತೋಲ ತಪ್ಪಿಸುತ್ತದೆಂಬುದನ್ನು ನಮ್ಮವರು ಮರೆಯಬಾರದು. ಹೊಲದಿಂದ ಡಾಂಬರು ರಸ್ತೆಗೆ ಹತ್ತುವ ಮೊದಲು ರಿಮ್ಮಿನ ಒಳಮೈಯನ್ನು ಕೆರೆದು ತೆಗೆಯಿರಿ.

ಕಾನೂನು, ಜಾಗ ಮತ್ತು ಕೆಲಸದ ಕ್ರಮ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ವಿಧಿಸಲು ಅವಕಾಶವಿದೆ. ಸವೆದ ಬುಶ್, ಶಾಕು, ಪಟ್ಟಿಗಳನ್ನು ಅದೇ ಅಳತೆಯ ಒಳ್ಳೆಯ ಭಾಗಗಳಿಂದ ಬದಲಿಸುವುದು ದುರಸ್ತಿ. ಲಿಫ್ಟ್, ಸ್ಟೀರಿಂಗ್ ಬಾಕ್ಸಿನ ಬದಲಾವಣೆ ಮಾಡಿಸುವವರು ಸಾರಿಗೆ ಕಚೇರಿಯಲ್ಲೂ ವಿಮೆಯವರಲ್ಲೂ ಮೊದಲೇ ಕೇಳಿಕೊಳ್ಳಬೇಕು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಎಷ್ಟೇ ಸಜ್ಜಾದ ಗಾಡಿಯಿದ್ದರೂ ಅದರ ಇಳಿಜಾರುಗಳಲ್ಲಿ ದಾರಿ ಬಿಟ್ಟು ಓಡಿಸುವುದು ಸಲ್ಲದು.

ಹಳೆಯ ಜೀಪು, ಜಿಪ್ಸಿ ಇರುವ ರೈತರಿಗೆ ನನ್ನ ಸಲಹೆಯ ಕ್ರಮ ಹೀಗಿದೆ: ಮೊದಲು ಸ್ಟೀರಿಂಗಿನ ಬಾಲುಗಳು, ಕಿಂಗ್‌ಪಿನ್, ಬುಶ್‌ಗಳು, ಆಮೇಲೆ ಟೈರು, ಅದಾದ ಮೇಲೆ ಪಟ್ಟಿ ಮತ್ತು ಶಾಕು, ಅದೂ ಒಂದೂವರೆ ಇಂಚಿನೊಳಗೆ. ಕಲಘಟಗಿ, ಅಳ್ನಾವರ ಕಡೆಯ ಮಲೆನಾಡಿನ ಸೆರಗಿನಲ್ಲಿ ಕೊರಕಲು ದಾರಿಗಳನ್ನು ಹತ್ತಿಳಿಯುವವರು ಎರಡು ಇಂಚಿನವರೆಗೆ ಹೋಗಬಹುದು. ಟೈರು ಬದಲಿಸಿದ ಮೇಲೆ ಜಿಪ್ಸಿಯ ಮೀಟರು 80 ತೋರಿಸುವಾಗ ನಿಜದ ವೇಗ 84ರ ಆಸುಪಾಸು ಇರುತ್ತದೆಂಬುದು ನೆನಪಿರಲಿ.

ಕೆಲಸ ಮುಗಿದ ದಿನವೇ ಒಂದು ಗಾಲಿಯನ್ನು ದಿಬ್ಬಕ್ಕೆ ಹತ್ತಿಸಿ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಹೋಸು ಬಿಗಿಯುತ್ತದೆಯೇ, ಟೈರು ಎಲ್ಲಿಯಾದರೂ ಉಜ್ಜುತ್ತದೆಯೇ ನೋಡಬೇಕು. ಬುಶ್‌ಗಳ ಬೋಲ್ಟನ್ನು ಗಾಡಿ ತನ್ನ ಗಾಲಿಗಳ ಮೇಲೆ ನಿಂತಾಗಲೇ ಕೊನೆಯ ಬಿಗಿ ಮಾಡಬೇಕು, ಜಾಕಿನ ಮೇಲೆ ತೂಗುತ್ತಿರುವಾಗ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಪಟ್ಟಿಯನ್ನು ಆಕ್ಸಲ್ಲಿಗೆ ಬಿಗಿಯುವ, ಬಿಚ್ಚಿದ ಹಳೆಯ ಯು ಬೋಲ್ಟುಗಳು ಎಳೆದು ಉದ್ದವಾಗಿರುವುದರಿಂದ ಅವನ್ನು ಮತ್ತೆ ಹಾಕದೆ ಹೊಸದನ್ನೇ ಬಳಸಿ, ಇನ್ನೂರು ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ಬಿಗಿಸಿ. ಪಟ್ಟಿಗಳು ಕೂತು ಎತ್ತರ ಸ್ಥಿರವಾದ ಮೇಲೆ, ಕ್ಯಾಸ್ಟರನ್ನು ಅಳೆದು ಕಾಗದದ ಮೇಲೆ ಅಚ್ಚು ಹಾಕಿಕೊಡುವ ಅಂಗಡಿಯಲ್ಲೇ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟುಗಳ ಬೆಳಕನ್ನೂ ಅದೇ ದಿನ ಕೆಳಗಿಳಿಸಿಕೊಳ್ಳಿ.